ಮೂತ್ರದಲ್ಲಿ ರಕ್ತ: ಸೋರಿಕೆ ಎಲ್ಲಿದೆ ಅಂತ ಮೂತ್ರ ಪರೀಕ್ಷೆಯಿಂದಲೇ ಹುಡುಕುವ ಬಗೆ

ಮೂತ್ರ ಕೆಂಪಗೆ ಹೋಯಿತು ಅಂದರೆ ನಮ್ಮ ಕಡೆ ಮೊದಲು ಬರುವ ಮಾತು "ಉಷ್ಣ ಆಗಿದೆ". ಎಳನೀರು ಕುಡಿ, ಬಾರ್ಲಿ ನೀರು ಕುಡಿ, ಎರಡು ದಿನ ಖಾರ ಬಿಡು. ಎರಡು ದಿನಕ್ಕೆ ಬಣ್ಣ ತಿಳಿಯಾಗುತ್ತದೆ, ಎಲ್ಲರೂ ಸುಮ್ಮನಾಗುತ್ತಾರೆ.

ನಮ್ಮ ದೊಡ್ಡಪ್ಪನಿಗೆ ಆದದ್ದೂ ಇದೇ. ನೋವಿಲ್ಲ, ಉರಿ ಇಲ್ಲ, ಜ್ವರ ಇಲ್ಲ. ಒಂದು ಬೆಳಗ್ಗೆ ಮೂತ್ರ ಕೆಂಪು ದಾಸವಾಳ ಹಿಂಡಿದ ನೀರಿನ ಹಾಗೆ ಹೋಯಿತು. ಊರ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಮೂತ್ರ ಪರೀಕ್ಷೆ ಮಾಡಿಸಿ, ಇನ್‌ಫೆಕ್ಷನ್ ಅಂತ ಐದು ದಿನದ ಆ್ಯಂಟಿಬಯೋಟಿಕ್ ಕೊಟ್ಟರು. ನಿಂತಿತು. ಏಳು ತಿಂಗಳಾದ ಮೇಲೆ ಮತ್ತೆ ಬಂತು, ಈ ಸಲ ಹೆಪ್ಪುಗಟ್ಟಿದ ಚೂರುಗಳ ಜೊತೆ. ಮೂತ್ರಚೀಲದಲ್ಲಿ ಗಡ್ಡೆ ಇತ್ತು.

ನಾನು ಲ್ಯಾಬ್ ಟೆಕ್ನಿಷಿಯನ್. ದಿನಕ್ಕೆ ನಲವತ್ತು ಐವತ್ತು ಮೂತ್ರದ ಸ್ಯಾಂಪಲ್ ನೋಡುವುದು ನನ್ನ ಕೆಲಸ. ಮೊದಲ ಸಲದ ಆ ರಿಪೋರ್ಟ್ ತರಿಸಿಕೊಂಡು ನೋಡಿದೆ. ಆರ್‌ಬಿಸಿ (ಕೆಂಪು ರಕ್ತಕಣ) 30–40, ಪಸ್ ಸೆಲ್ (ಕೀವಿನ ಬಿಳಿ ರಕ್ತಕಣ) 1–2, ನೈಟ್ರೈಟ್ (ಕೆಲವು ಬ್ಯಾಕ್ಟೀರಿಯಾ ಮೂತ್ರದಲ್ಲಿ ತಯಾರಿಸುವ ರಾಸಾಯನಿಕ) ನೆಗೆಟಿವ್, ಪ್ರೋಟೀನ್ ನಿಲ್, ಅಂದರೆ ಇಲ್ಲ. ಇನ್‌ಫೆಕ್ಷನ್ ಅನ್ನುವುದಕ್ಕೆ ಆ ಹಾಳೆಯಲ್ಲಿ ಒಂದೇ ಒಂದು ಸಾಕ್ಷಿ ಇರಲಿಲ್ಲ. ಎಲ್ಲಿ ಹುಡುಕಬೇಕು ಅನ್ನುವುದನ್ನು ಆ ನಾಲ್ಕು ಸಾಲು ಹೇಳುತ್ತಿದ್ದವು, ಯಾರೂ ಅವನ್ನು ಒಟ್ಟಿಗೆ ಇಟ್ಟು ಓದಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಔಷಧಿ ಹೇಳುವುದು ಡಾಕ್ಟರ ಕೆಲಸ, ಅದಕ್ಕೆ ನಾನು ಕೈ ಹಾಕುವುದಿಲ್ಲ. ಆದರೆ ಸ್ಯಾಂಪಲ್ ಹೇಗೆ ಕೊಡಬೇಕು, ರಿಪೋರ್ಟಿನ ಯಾವ ಸಾಲು ಯಾವ ಕಡೆ ಬೆರಳು ತೋರಿಸುತ್ತದೆ, ಯಾವ ಪರೀಕ್ಷೆ ಬಿಟ್ಟುಹೋಗಿದೆ ಅಂತ ಕೇಳುವಷ್ಟು ತಿಳುವಳಿಕೆ ಎಲ್ಲರಿಗೂ ಬೇಕು.

ಇವು ಇದ್ದರೆ ಮುಂದೆ ಓದಬೇಡಿ, ಆಸ್ಪತ್ರೆಗೆ ಹೊರಡಿ

ರಕ್ತದ ಗಂಟು ಅಡ್ಡ ಬಂದು ಮೂತ್ರವೇ ಕಟ್ಟಿಕೊಂಡಿದ್ದರೆ. ಚಳಿ ಜ್ವರ, ಜೊತೆಗೆ ಪಕ್ಕೆ ನೋವು ಇದ್ದರೆ. ಬೈಕಿನಿಂದ ಬಿದ್ದು ಅಥವಾ ಸೊಂಟಕ್ಕೆ ಪೆಟ್ಟಾಗಿ ಆಮೇಲೆ ಕೆಂಪಾಗಿದ್ದರೆ. ಮುಖ, ಕಾಲು ಊದಿಕೊಂಡು ಮೂತ್ರ ಕಡಿಮೆಯಾಗಿದ್ದರೆ. ಗರ್ಭಿಣಿಯಾಗಿದ್ದರೆ. ಇನ್ನೊಂದು ನಮ್ಮ ಹಳ್ಳಿಗಳಿಗೆ ತುಂಬಾ ಮುಖ್ಯ: ಹೊಲದಲ್ಲಿ ಏನೋ ಕಚ್ಚಿದೆ, ಹಾವೋ ಮುಳ್ಳೋ ಗೊತ್ತಾಗಲಿಲ್ಲ, ಕೆಲವು ಗಂಟೆಯಲ್ಲಿ ಮೂತ್ರ ಕೆಂಪಾಯಿತು ಅಂದರೆ ಅದು ಕೊಳಕುಮಂಡಲದ ವಿಷ ಇರಬಹುದು. ಆ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕಸಿಯುತ್ತದೆ, ಕಿಡ್ನಿಗೂ ಏಟು ಕೊಡುತ್ತದೆ. ಅಲ್ಲಿ ಮೂತ್ರದ ರಿಪೋರ್ಟಿಗೆ ಕಾಯುವ ಹಾಗಿಲ್ಲ.

ಮೊದಲ ಪ್ರಶ್ನೆ: ಅದು ರಕ್ತವೇ?

ಕೆಂಪು ಕಂಡದ್ದೆಲ್ಲ ರಕ್ತ ಅಲ್ಲ. ಹಿಂದಿನ ರಾತ್ರಿ ಬೀಟ್‌ರೂಟ್ ಪಲ್ಯ ಚೆನ್ನಾಗಿ ತಿಂದಿದ್ದರೆ ಕೆಲವರಿಗೆ ಬೆಳಗ್ಗೆ ಗುಲಾಬಿ ಬಣ್ಣ ಬರುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಮಾತ್ರೆ ಕಿತ್ತಳೆ ಕೆಂಪು ಮಾಡುತ್ತದೆ. ಉರಿಮೂತ್ರಕ್ಕೆ ಕೊಡುವ ಫೆನಾಜೋಪಿರಿಡಿನ್ ಕೂಡ ಹಾಗೇ. ಕಾಮಾಲೆ ಇದ್ದರೆ ಕಂದು ಹಳದಿ, ಬಾಟಲಿ ಅಲ್ಲಾಡಿಸಿದರೆ ನೊರೆಯೂ ಹಳದಿಯಾಗಿರುತ್ತದೆ. ಹಸುಗೂಸಿನ ಬಟ್ಟೆಯ ಮೇಲೆ ಇಟ್ಟಿಗೆ ಪುಡಿ ಉದುರಿದ ಹಾಗೆ ಗುಲಾಬಿ ಕಲೆ ಕಂಡರೆ ಅದು ಹೆಚ್ಚಾಗಿ ಯೂರೇಟ್ ಹರಳು, ಬಾಣಂತಿ ಮನೆಯಲ್ಲಿ ಎಲ್ಲರೂ ಗಾಬರಿಯಾಗುವ ವಿಷಯ ಇದು.

ಇನ್ನೊಂದು ಕಡೆ, ಒಂದು ಲೀಟರ್ ಮೂತ್ರಕ್ಕೆ 1 ಮಿಲಿಲೀಟರ್ ರಕ್ತ ಸೇರಿದರೂ ಬಣ್ಣ ಬದಲಾಗುತ್ತದೆ. ಅಂದರೆ ಬಣ್ಣ ಎಷ್ಟು ಗಾಢ ಅನ್ನುವುದರಿಂದ ಎಷ್ಟು ರಕ್ತ ಹೋಯಿತು ಅಂತ ಅಳೆಯಬೇಡಿ. ಬಣ್ಣವೇ ಇಲ್ಲದೆ ರಿಪೋರ್ಟಿನಲ್ಲಿ ಮಾತ್ರ ಆರ್‌ಬಿಸಿ ಕಂಡರೆ ಅದೂ ರಕ್ತವೇ.

ಲ್ಯಾಬಿನಲ್ಲಿ ಇದನ್ನು ಬಿಡಿಸುವ ದಾರಿ ಸರಳ. ಸ್ಯಾಂಪಲ್ಲನ್ನು ಸೆಂಟ್ರಿಫ್ಯೂಜಿನಲ್ಲಿ ಐದು ನಿಮಿಷ ತಿರುಗಿಸುತ್ತೇವೆ. ಕೆಂಪು ತಳಕ್ಕೆ ಇಳಿದು ಮೇಲಿನ ನೀರು ತಿಳಿಯಾದರೆ ರಕ್ತಕಣ ಇದೆ. ಮೇಲಿನ ನೀರೇ ಕೆಂಪಾಗಿ ಉಳಿದರೆ ಆ ನೀರಿಗೆ ಸ್ಟ್ರಿಪ್ (ರಕ್ತ ಇದ್ದರೆ ಬಣ್ಣ ಬದಲಿಸುವ ಪ್ಯಾಡ್ ಇರುವ ಪಟ್ಟಿ) ಅದ್ದುತ್ತೇವೆ. ಸ್ಟ್ರಿಪ್ ನೆಗೆಟಿವ್ ಬಂದರೆ ಬೀಟ್‌ರೂಟೋ ಮಾತ್ರೆಯೋ. ಪಾಸಿಟಿವ್ ಬಂದರೆ ವಿಷಯ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಸ್ಯಾಂಪಲ್ ಕೆಟ್ಟರೆ ಮುಂದಿನದೆಲ್ಲ ಕೆಟ್ಟಿತು

ನನ್ನ ಅನುಭವದಲ್ಲಿ ತಪ್ಪು ರಿಪೋರ್ಟುಗಳಲ್ಲಿ ಜಾಸ್ತಿ ಪಾಲು ಯಂತ್ರದಿಂದ ಬರುವುದಿಲ್ಲ, ಬಾಟಲಿಯಿಂದ ಬರುತ್ತದೆ. ಮನೆಯಿಂದ ತೊಳೆದ ಉಪ್ಪಿನಕಾಯಿ ಬಾಟಲಿ ತರುತ್ತಾರೆ. ಅದರಲ್ಲಿ ಉಳಿದ ಎಣ್ಣೆಯ ಹನಿ ಮೈಕ್ರೋಸ್ಕೋಪಿನ ಕೆಳಗೆ ಗುಂಡಗೆ, ರಕ್ತಕಣದ ಹಾಗೇ ಕಾಣುತ್ತದೆ. ಬ್ಲೀಚಿಂಗ್ ಪುಡಿಯಿಂದ ತೊಳೆದಿದ್ದರೆ ಸ್ಟ್ರಿಪ್ ರಕ್ತ ಇಲ್ಲದೆಯೂ ಹಸಿರಾಗುತ್ತದೆ. ಲ್ಯಾಬಿನವರೇ ಕೊಡುವ ಹೊಸ ಡಬ್ಬಿ ಕೇಳಿ ತೆಗೆದುಕೊಳ್ಳಿ.

ಕೊಡುವ ಕ್ರಮ: ಮೊದಲು ಬರೀ ನೀರಿನಲ್ಲಿ ತೊಳೆದುಕೊಳ್ಳಿ, ಮೊದಲ ಸ್ವಲ್ಪ ಮೂತ್ರ ಹೊರಗೆ ಬಿಡಿ, ನಡುವಿನ ಧಾರೆಯನ್ನು ಡಬ್ಬಿಗೆ ಹಿಡಿಯಿರಿ. ಹೆಣ್ಣುಮಕ್ಕಳು ಮುಟ್ಟಿನ ದಿನಗಳಲ್ಲಿ ಕೊಡಬಾರದು, ಮುಗಿದು ಎರಡು ಮೂರು ದಿನ ಬಿಟ್ಟು ಕೊಡಿ. ಹೇಳಿಕೊಳ್ಳಲು ಸಂಕೋಚ ಅಂತ ಸುಮ್ನೆ ಕೊಟ್ಟುಬಿಡುತ್ತಾರೆ, ಆಮೇಲೆ ಸ್ಕ್ಯಾನು, ಅಲೆದಾಟ, ನಿದ್ದೆಗೆಡುವುದು. ಒಂದು ಮಾತು ಹೇಳಿದ್ದರೆ ನಾವೇ ಮುಂದಿನ ವಾರ ಬನ್ನಿ ಅನ್ನುತ್ತಿದ್ದೆವು. ರಿಪೋರ್ಟಿನಲ್ಲಿ ಎಪಿಥೀಲಿಯಲ್ ಸೆಲ್ ತುಂಬಾ ಇದೆ ಅಂತ ಬಂದರೆ ಚರ್ಮದ ಕಣಗಳು ಬೆರೆತಿವೆ ಅಂತ ಅರ್ಥ. ಆ ಸ್ಯಾಂಪಲ್ಲಿನ ಮೇಲೆ ನಿರ್ಧಾರ ಮಾಡದೆ ಇನ್ನೊಮ್ಮೆ ಕೊಡಿ.

ಕೊಟ್ಟ ಮೇಲೆ ಒಂದೆರಡು ಗಂಟೆಯೊಳಗೆ ನೋಡಬೇಕು. ಬೆಳಗ್ಗೆ ಆರಕ್ಕೆ ಹಿಡಿದು ಬಸ್ಸಿನಲ್ಲಿ ಬ್ಯಾಗಿನೊಳಗೆ ಇಟ್ಟುಕೊಂಡು ಹನ್ನೊಂದಕ್ಕೆ ತಂದರೆ ಕಣಗಳು ಒಡೆದಿರುತ್ತವೆ, ಬ್ಯಾಕ್ಟೀರಿಯಾ ಬೆಳೆದಿರುತ್ತದೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಹೊಟ್ಟೆ ಸ್ಕ್ಯಾನಿಂಗ್‌ಗೆ ಅಂತ ಒಂದು ಲೀಟರ್ ನೀರು ಕುಡಿಸಿರುತ್ತಾರೆ, ಸ್ಕ್ಯಾನ್ ಮುಗಿದ ತಕ್ಷಣ ಹೇಗೂ ಹೋಗಬೇಕಲ್ಲ ಅಂತ ಅದೇ ಮೂತ್ರವನ್ನು ಲ್ಯಾಬಿಗೆ ಕೊಡುತ್ತಾರೆ. ಅದು ಹೆಚ್ಚುಕಡಿಮೆ ನೀರೇ. ಸ್ಪೆಸಿಫಿಕ್ ಗ್ರಾವಿಟಿ, ಅಂದರೆ ಮೂತ್ರ ಎಷ್ಟು ಗಟ್ಟಿ ಅನ್ನುವ ಅಳತೆ, 1.010ಕ್ಕಿಂತ ಕೆಳಗಿದ್ದರೆ ರಕ್ತಕಣಗಳು ನೀರು ಹೀರಿ ಊದಿ ಒಡೆಯುತ್ತವೆ. ಎಣಿಕೆ ಕಡಿಮೆ ಬರುತ್ತದೆ, ಕೆಲವು ಸಲ "ನಿಲ್" ಅಂತಲೇ ಬರುತ್ತದೆ. ರಕ್ತ ಹುಡುಕುತ್ತಿದ್ದರೆ ಬೆಳಗಿನ ಗಟ್ಟಿ ಮೂತ್ರವನ್ನು ಮೊದಲು ಕೊಟ್ಟು, ಆಮೇಲೆ ನೀರು ಕುಡಿದು ಸ್ಕ್ಯಾನಿಗೆ ಹೋಗಿ.

ಸ್ಟ್ರಿಪ್ ಒಂದು ಹೇಳುತ್ತದೆ, ಮೈಕ್ರೋಸ್ಕೋಪ್ ಇನ್ನೊಂದು

ಗೊಂದಲ ಶುರುವಾಗುವುದೇ ಇಲ್ಲಿ, ಸುಳಿವು ಜಾಸ್ತಿ ಸಿಗುವುದೂ ಇಲ್ಲಿ. ಸ್ವಲ್ಪ ನಿಧಾನವಾಗಿ ಹೋಗೋಣ.

ಸ್ಟ್ರಿಪ್ ರಕ್ತಕಣವನ್ನು ನೋಡುವುದಿಲ್ಲ. ರಕ್ತದ ಕೆಂಪು ಬಣ್ಣದೊಳಗಿನ ಹೀಮ್ ಅನ್ನುವ ವಸ್ತುವನ್ನು ಹಿಡಿಯುತ್ತದೆ. ಆ ಹೀಮ್ ಇಡೀ ಕಣದೊಳಗೆ ಇರಬಹುದು, ಒಡೆದ ಕಣದಿಂದ ಹೊರಬಂದ ಹಿಮೋಗ್ಲೋಬಿನ್ ಆಗಿರಬಹುದು, ಅಥವಾ ಮಾಂಸಖಂಡದಿಂದ ಬಂದ ಮಯೋಗ್ಲೋಬಿನ್ ಆಗಿರಬಹುದು. ಮೂರಕ್ಕೂ ಹಳದಿ ಪ್ಯಾಡ್ ಹಸಿರಾಗುತ್ತದೆ. ಕಣ್ಣಿಟ್ಟು ನೋಡಿದರೆ ಒಂದು ವ್ಯತ್ಯಾಸ ಕಾಣುತ್ತದೆ. ಇಡೀ ಕಣಗಳು ಕಡಿಮೆ ಇದ್ದಾಗ ಪ್ಯಾಡಿನ ಮೇಲೆ ಹಸಿರು ಚುಕ್ಕಿ ಚುಕ್ಕಿಯಾಗಿ ಬರುತ್ತದೆ, ಕರಗಿದ ಹಿಮೋಗ್ಲೋಬಿನ್ ಇದ್ದಾಗ ಒಂದೇ ಸಮನೆ ಹಸಿರಾಗುತ್ತದೆ.

ಹಾಗಾಗಿ ಬರೀ ಸ್ಟ್ರಿಪ್ ನೋಡಿ ಮೂತ್ರದಲ್ಲಿ ರಕ್ತ ಅಂತ ಹಣೆಪಟ್ಟಿ ಹಚ್ಚಬಾರದು. ಅಮೆರಿಕನ್ ಯೂರಾಲಜಿಕಲ್ ಅಸೋಸಿಯೇಷನ್ 2020ರ ಮಾರ್ಗಸೂಚಿಯಲ್ಲಿ ಇದನ್ನೇ ಹೇಳಿದೆ. ಮೈಕ್ರೋಸ್ಕೋಪಿನಲ್ಲಿ ಒಂದು ಹೈ ಪವರ್ ಫೀಲ್ಡಿಗೆ 3 ಅಥವಾ ಅದಕ್ಕಿಂತ ಹೆಚ್ಚು ರಕ್ತಕಣ ಕಾಣಬೇಕು, ಆಗ ಮಾತ್ರ ಅದು ಲೆಕ್ಕಕ್ಕೆ. ರಿಪೋರ್ಟಿನಲ್ಲಿ ಎಚ್‌ಪಿಎಫ್ ಅಂತ ಇರುತ್ತದಲ್ಲ, ಅದು ಈ ಫೀಲ್ಡ್.

ಸ್ಟ್ರಿಪ್ಪಿನಲ್ಲಿ ರಕ್ತ ಮೂರು ಪ್ಲಸ್, ಮೈಕ್ರೋಸ್ಕೋಪಿನಲ್ಲಿ ಆರ್‌ಬಿಸಿ ನಿಲ್. ಇಂಥ ರಿಪೋರ್ಟ್ ಬಂದಾಗ ಲ್ಯಾಬ್ ತಪ್ಪು ಮಾಡಿದೆ ಅಂತ ಜಗಳಕ್ಕೆ ಬರುತ್ತಾರೆ. ತಪ್ಪೂ ಇರಬಹುದು, ಹಳೇ ಸ್ಯಾಂಪಲ್ಲೋ ನೀರಾದ ಸ್ಯಾಂಪಲ್ಲೋ ಆಗಿದ್ದರೆ ಕಣಗಳು ಒಡೆದಿರುತ್ತವೆ. ತಾಜಾ ಸ್ಯಾಂಪಲ್ ಕೊಟ್ಟು ಇನ್ನೊಮ್ಮೆ ನೋಡಿಸಿ. ಎರಡನೇ ಸಲವೂ ಹಾಗೇ ಬಂದರೆ ಗಂಭೀರವಾಗಿ ತೆಗೆದುಕೊಳ್ಳಿ. ಒಂದು ಸಾಧ್ಯತೆ ಮಯೋಗ್ಲೋಬಿನ್: ವರ್ಷಗಟ್ಟಲೆ ಕೂತಿದ್ದವರು ಒಂದೇ ದಿನ ಜಿಮ್ಮಿನಲ್ಲಿ ಇನ್ನೂರು ಬೈಠಕ್ ಹೊಡೆದದ್ದು, ಕರೆಂಟ್ ಹೊಡೆದದ್ದು, ಗೋಡೆ ಕುಸಿದು ಕಾಲು ಸಿಕ್ಕಿಕೊಂಡದ್ದು. ಮೂತ್ರ ಕಂದು, ಮೈಯೆಲ್ಲ ನೋವು. ರಕ್ತದಲ್ಲಿ ಸಿಕೆ (ಮಾಂಸಖಂಡ ಒಡೆದಾಗ ಏರುವ ಕಿಣ್ವ) ಅನ್ನುವ ಪರೀಕ್ಷೆ ಆ ದಿನವೇ ಬೇಕು, ಮಯೋಗ್ಲೋಬಿನ್ ಕಿಡ್ನಿಯನ್ನು ಕಟ್ಟಿಹಾಕುತ್ತದೆ. ಇನ್ನೊಂದು ಸಾಧ್ಯತೆ ಹಿಮೋಗ್ಲೋಬಿನ್, ಅಂದರೆ ಕಣಗಳು ರಕ್ತನಾಳದೊಳಗೇ ಒಡೆಯುತ್ತಿವೆ. ಮಂಗಳೂರಿನ ಕಡೆಯವರು ಇದನ್ನು ತಿಳಿದಿರಬೇಕು. ವೈವಾಕ್ಸ್ ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ ಮಾತ್ರೆ, ಜಿ6ಪಿಡಿ ಅನ್ನುವ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವವರಲ್ಲಿ ರಕ್ತಕಣಗಳನ್ನು ಒಡೆಯುತ್ತದೆ. ಮಾತ್ರೆ ಶುರುಮಾಡಿದ ಕೆಲವೇ ದಿನದಲ್ಲಿ ಮೂತ್ರ ಹಾಲಿಲ್ಲದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮುಂದಿನ ಮಾತ್ರೆ ನುಂಗುವ ಮೊದಲೇ ಡಾಕ್ಟರನ್ನು ಕಾಣಬೇಕು. ಲ್ಯಾಬಿನಲ್ಲಿ ಇವೆರಡನ್ನು ಬೇರೆ ಮಾಡಲು ರಕ್ತದ ಟ್ಯೂಬನ್ನೂ ನೋಡುತ್ತೇವೆ. ಮೇಲಿನ ಪ್ಲಾಸ್ಮಾ ಗುಲಾಬಿಯಾಗಿದ್ದರೆ ಹಿಮೋಗ್ಲೋಬಿನ್, ಎಂದಿನಂತೆ ತಿಳಿಯಾಗಿದ್ದರೆ ಮಯೋಗ್ಲೋಬಿನ್.

ಇದರ ತಿರುವುಮುರುವು ಕೂಡ ಆಗುತ್ತದೆ: ಸ್ಟ್ರಿಪ್ ನೆಗೆಟಿವ್, ಆದರೆ ಆರ್‌ಬಿಸಿ ಇದೆ ಅಂತ ರಿಪೋರ್ಟ್. ಮೊದಲು ಕೇಳಬೇಕಾದದ್ದು ವಿಟಮಿನ್ ಸಿ ಮಾತ್ರೆ ಚೀಪುತ್ತಿದ್ದೀರಾ ಅಂತ. ಅದು ಜಾಸ್ತಿ ಇದ್ದರೆ ಸ್ಟ್ರಿಪ್ಪಿನ ಬಣ್ಣ ಏಳುವುದನ್ನು ತಡೆಯುತ್ತದೆ. ಎರಡನೆಯದು, ನೋಡಿದವರು ಯೀಸ್ಟನ್ನು ರಕ್ತಕಣ ಅಂದುಕೊಂಡಿರಬಹುದು. ಸಕ್ಕರೆ ಕಾಯಿಲೆ ಇರುವವರ ಮೂತ್ರದಲ್ಲಿ ಯೀಸ್ಟ್ ಸಾಮಾನ್ಯ, ಗಾತ್ರ ಆಕಾರ ಹತ್ತಿರ ಹತ್ತಿರ. ಒಂದು ಹನಿ 2% ಅಸಿಟಿಕ್ ಆಸಿಡ್ ಹಾಕಿದರೆ ರಕ್ತಕಣ ಕರಗುತ್ತದೆ, ಯೀಸ್ಟ್ ಹಾಗೇ ಇರುತ್ತದೆ. ಅರ್ಧ ನಿಮಿಷದ ಕೆಲಸ. ಮೂರನೆಯದು ಸ್ಟ್ರಿಪ್ಪೇ ಕೆಟ್ಟಿರುವುದು. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನಲ್ಲಿ ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಸ್ಟ್ರಿಪ್ ತೇವ ಹೀರಿಕೊಂಡು ಕೆಡುತ್ತದೆ. ಮನೆಯಲ್ಲೇ ಸ್ಟ್ರಿಪ್ ಇಟ್ಟುಕೊಂಡು ನೋಡುವವರಿಗೂ ಈ ಮಾತು.

ಸೋರಿಕೆ ಮೇಲೋ, ಕೆಳಗೋ?

ರಕ್ತ ಹೌದು ಅಂತ ಖಾತ್ರಿಯಾಯಿತು. ಈಗ ಕೇಳಬೇಕಾದ್ದು ಎಲ್ಲಿಂದ ಅಂತ. ಟ್ಯಾಂಕಿನಿಂದಲೋ, ಪೈಪಿನಿಂದಲೋ, ನಲ್ಲಿಯಿಂದಲೋ. ಕಿಡ್ನಿಯ ಜರಡಿಯಿಂದ, ಅಂದರೆ ರಕ್ತ ಸೋಸುವ ಭಾಗದಿಂದ, ರಕ್ತ ಬರುತ್ತಿದ್ದರೆ ಕಿಡ್ನಿ ಡಾಕ್ಟರ ಹತ್ತಿರ ಹೋಗಬೇಕು, ಅಂದರೆ ನೆಫ್ರಾಲಜಿಸ್ಟ್. ಅದರ ಕೆಳಗಿನ ನಾಳ, ಚೀಲ, ಗಂಡಸರ ಪ್ರಾಸ್ಟೇಟ್ ಗ್ರಂಥಿಯಿಂದ ಬರುತ್ತಿದ್ದರೆ ಯೂರಾಲಜಿಸ್ಟ್. ಎರಡು ಬೇರೆ ಬೇರೆ ದಾರಿ. ತಪ್ಪು ದಾರಿ ಹಿಡಿದರೆ ತಿಂಗಳುಗಳು ಹೋಗುತ್ತವೆ.

ಮನೆಯಲ್ಲೇ ಮಾಡಬಹುದಾದ ಒಂದು ಹಳೇ ಪರೀಕ್ಷೆ ಇದೆ, ಮೂರು ಲೋಟದ ಪರೀಕ್ಷೆ. ಕಣ್ಣಿಗೆ ಕಾಣುವ ಕೆಂಪು ಇದ್ದಾಗ ಮಾತ್ರ ಉಪಯೋಗ. ಒಂದೇ ಸಲ ಹೋಗುವ ಮೂತ್ರವನ್ನು ಮೂರು ಪಾರದರ್ಶಕ ಲೋಟಕ್ಕೆ ಹಿಡಿಯಿರಿ: ಶುರುವಿನದು, ನಡುವಿನದು, ಕೊನೆಯದು. ಮೊದಲ ಲೋಟ ಮಾತ್ರ ಕೆಂಪಾಗಿದ್ದರೆ ಸೋರಿಕೆ ಹೊರಗಿನ ನಾಳದಲ್ಲಿ. ಕೊನೆಯ ಲೋಟ ಮಾತ್ರ ಕೆಂಪಾಗಿದ್ದರೆ ಮೂತ್ರಚೀಲದ ಕೊರಳು ಅಥವಾ ಪ್ರಾಸ್ಟೇಟ್ ಕಡೆ ನೋಡಬೇಕು. ಮೂರೂ ಒಂದೇ ಬಣ್ಣ ಆಗಿದ್ದರೆ ಮೂತ್ರಚೀಲದಿಂದ ಕಿಡ್ನಿಯವರೆಗೆ ಎಲ್ಲಿ ಬೇಕಾದರೂ ಇರಬಹುದು. ಫೋನಿನಲ್ಲಿ ಫೋಟೋ ತೆಗೆದಿಡಿ. ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಬಣ್ಣ ಹೋಗಿರುತ್ತದೆ, ಆಗ "ಕೆಂಪಗಿತ್ತು ಸಾರ್" ಅನ್ನುವುದಕ್ಕಿಂತ ಫೋಟೋ ಹತ್ತು ಪಟ್ಟು ಕೆಲಸ ಮಾಡುತ್ತದೆ.

ಬಣ್ಣವೂ ಮಾತಾಡುತ್ತದೆ. ಅಚ್ಚ ಕೆಂಪು, ಗುಲಾಬಿ, ಜೊತೆಗೆ ಗಂಟು ಇದ್ದರೆ ಕೆಳಗಿನ ಕಡೆಯದು. ಡಿಕಾಕ್ಷನ್, ಕೋಲಾ ಬಣ್ಣ, ಗಂಟಿಲ್ಲ ಅಂದರೆ ಜರಡಿಯ ಕಡೆ ಅನುಮಾನ. ಕಿಡ್ನಿಯ ಜರಡಿಯಲ್ಲಿ ಸೋರಿದ ರಕ್ತ ಹೆಪ್ಪುಗಟ್ಟುವುದು ತುಂಬಾ ಅಪರೂಪ, ಹಾಗಾಗಿ ಗಂಟು ಕಂಡರೆ ಜರಡಿಯ ಯೋಚನೆಯನ್ನು ಹಿಂದಕ್ಕೆ ತಳ್ಳಬಹುದು.

ಆದರೆ ನಿಜವಾದ ತೀರ್ಪು ಕಣದ ಆಕಾರದಲ್ಲಿದೆ. ಜರಡಿಯ ಸಂದಿಯಲ್ಲಿ ನುಸುಳಿ, ಉದ್ದದ ಸಣ್ಣ ಕೊಳವೆಯಲ್ಲಿ ಉಪ್ಪಿನಂಶ ಏರಿಳಿಯುವುದನ್ನು ದಾಟಿ ಬಂದ ರಕ್ತಕಣ ತನ್ನ ರೂಪ ಕಳೆದುಕೊಂಡಿರುತ್ತದೆ. ಇದಕ್ಕೆ ಡಿಸ್‌ಮಾರ್ಫಿಕ್ ಆರ್‌ಬಿಸಿ ಅನ್ನುತ್ತಾರೆ. ಅದರಲ್ಲೂ ಅಕ್ಯಾಂತೋಸೈಟ್ ಅಂತ ಒಂದಿದೆ, ಕೋಡುಬಳೆಯ ಅಂಚಿಗೆ ಸಣ್ಣ ಹಿಟ್ಟಿನ ಉಂಡೆ ಅಂಟಿಸಿದ ಹಾಗೆ ಕಾಣುತ್ತದೆ. ನೂರು ರಕ್ತಕಣದಲ್ಲಿ 5 ಅಥವಾ ಹೆಚ್ಚು ಇಂಥವು ಇದ್ದರೆ ಸೋರಿಕೆ ಜರಡಿಯದು ಅಂತ ಬಲವಾಗಿ ಹೇಳಬಹುದು. ಮೂತ್ರಚೀಲದ ಗಡ್ಡೆಯಿಂದಲೋ ಕಲ್ಲಿನಿಂದಲೋ ನೇರ ಬಿದ್ದ ಕಣ ಗುಂಡಗೆ, ಒಂದೇ ತರಹ ಇರುತ್ತದೆ.

ಇದಕ್ಕಿಂತ ದೊಡ್ಡ ಸಾಕ್ಷಿ ಆರ್‌ಬಿಸಿ ಕಾಸ್ಟ್. ಒರಳಿನಿಂದ ಒತ್ತಿದ ಶಾವಿಗೆ ಒರಳಿನ ತೂತಿನ ಅಚ್ಚಿನಲ್ಲೇ ಹೊರಬರುತ್ತದಲ್ವಾ, ಹಾಗೆ ಕಿಡ್ನಿಯ ಸಣ್ಣ ಕೊಳವೆಯ ಅಚ್ಚಿನಲ್ಲಿ ರಕ್ತಕಣಗಳು ಒಟ್ಟಾಗಿ ಕಡ್ಡಿಯಂತೆ ಬರುತ್ತವೆ. ಆ ಅಚ್ಚು ದೇಹದಲ್ಲಿ ಬೇರೆಲ್ಲೂ ಇಲ್ಲ. ಒಂದು ಕಾಸ್ಟ್ ಕಂಡರೂ ಕಿಡ್ನಿಯ ವಿಳಾಸ ಸಿಕ್ಕಿತು. ಕಷ್ಟ ಏನೆಂದರೆ ಇವು ಬೇಗ ಮುರಿಯುತ್ತವೆ, ಹಳೇ ಸ್ಯಾಂಪಲ್ಲಿನಲ್ಲಿ ಕರಗಿಹೋಗುತ್ತವೆ, ಮತ್ತು ಗಡಿಬಿಡಿಯಲ್ಲಿ ನೋಡಿದರೆ ತಪ್ಪಿಹೋಗುತ್ತವೆ. ಸಾಮಾನ್ಯ ಯೂರಿನ್ ರುಟೀನ್‌ನಲ್ಲಿ ಆಕಾರದ ಬಗ್ಗೆ ಹೆಚ್ಚಾಗಿ ಬರೆಯುವುದಿಲ್ಲ. ಕೇಳಬೇಕು. "ಡಿಸ್‌ಮಾರ್ಫಿಕ್ ಆರ್‌ಬಿಸಿ ಮತ್ತು ಕಾಸ್ಟ್ ನೋಡಿ" ಅಂತ ಡಾಕ್ಟರಿಂದ ಚೀಟಿಯಲ್ಲಿ ಬರೆಸಿಕೊಳ್ಳಿ, ಸಾಧ್ಯವಿದ್ದರೆ ಫೇಸ್ ಕಾಂಟ್ರಾಸ್ಟ್ ಮೈಕ್ರೋಸ್ಕೋಪ್ ಇರುವ ದೊಡ್ಡ ಲ್ಯಾಬಿಗೆ ಹೋಗಿ ಅಲ್ಲೇ ಸ್ಯಾಂಪಲ್ ಕೊಡಿ.

ಜೊತೆಗೆ ಪ್ರೋಟೀನ್ ಸಾಲು ನೋಡಿ. ಕಣ್ಣಿಗೆ ಕಾಣುವಷ್ಟು ರಕ್ತ ಇದ್ದಾಗ ಅದರಿಂದಲೇ ಸ್ವಲ್ಪ ಪ್ರೋಟೀನ್ ಕಾಣಬಹುದು. ಆದರೆ ರಕ್ತ ಸ್ವಲ್ಪವೇ ಇದ್ದು ಪ್ರೋಟೀನ್ ಎರಡು ಮೂರು ಪ್ಲಸ್ ಇದ್ದರೆ ಜರಡಿ ಹರಿದಿದೆ. ಆಗ ಮೂತ್ರದ ಪ್ರೋಟೀನ್–ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ಒಂದು ತ್ಯಾಜ್ಯ) ಅನುಪಾತ ಮಾಡಿಸಿ, 0.2ಕ್ಕಿಂತ ಕೆಳಗಿದ್ದರೆ ಸರಿ. ರಕ್ತದ ಕ್ರಿಯಾಟಿನಿನ್, ಬಿಪಿ ಇವೆರಡನ್ನೂ ಅದೇ ದಿನ ನೋಡಿಸಿ.

ಜರಡಿಯ ಕಾಯಿಲೆಗಳಲ್ಲಿ ದಿನಗಳ ಲೆಕ್ಕ ದೊಡ್ಡ ಸುಳಿವು. ಗಂಟಲು ನೋವು ಶುರುವಾದ ಒಂದೆರಡು ದಿನದಲ್ಲೇ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಐಜಿಎ ನೆಫ್ರೋಪತಿ (ಜರಡಿಯಲ್ಲಿ ಐಜಿಎ ಅನ್ನುವ ಪ್ರೋಟೀನ್ ಕೂರುವ ಕಾಯಿಲೆ) ಕಡೆ ಯೋಚಿಸುತ್ತಾರೆ. ಗಂಟಲು ನೋವು ಹೋಗಿ ಒಂದರಿಂದ ಮೂರು ವಾರ, ಅಥವಾ ಕಾಲಿನ ಮೇಲಿನ ಕೀವು ಹುಣ್ಣು ಆಗಿ ಮೂರರಿಂದ ಆರು ವಾರ ಬಿಟ್ಟು ಬಂದರೆ, ಅದರಲ್ಲೂ ಬೆಳಗ್ಗೆ ಮುಖ ಊದಿಕೊಳ್ಳುವ ಮಕ್ಕಳಲ್ಲಿ, ಸ್ಟ್ರೆಪ್ಟೋಕಾಕಸ್ ನಂತರದ ಕಿಡ್ನಿ ಉರಿಯೂತ. ರಕ್ತದಲ್ಲಿ ಸಿ3 ಅನ್ನುವ ರೋಗನಿರೋಧಕ ಪ್ರೋಟೀನ್ ಕಡಿಮೆ ಇರುತ್ತದೆ. ಹಾಗಾಗಿ "ಮಗುವಿಗೆ ಹೋದ ತಿಂಗಳು ಕಜ್ಜಿ ಆಗಿತ್ತು" ಅನ್ನುವ ಮಾತನ್ನು ಸಣ್ಣದು ಅಂತ ಬಿಡಬೇಡಿ, ಡಾಕ್ಟರಿಗೆ ಹೇಳಿ. ಮನೆಯಲ್ಲಿ ಯಾರಿಗಾದರೂ ಕಿಡ್ನಿ ತೊಂದರೆಯ ಜೊತೆ ಸಣ್ಣ ವಯಸ್ಸಿಗೇ ಕಿವಿ ಮಂದವಾಗಿದ್ದರೆ ಅದನ್ನೂ ಹೇಳಿ.

ಪಸ್ ಸೆಲ್ ಜೊತೆಗಿದ್ದರೆ

ಉರಿ, ಪದೇ ಪದೇ ಹೋಗಬೇಕೆನ್ನಿಸುವುದು, ರಕ್ತ, ಪಸ್ ಸೆಲ್ ತುಂಬಾ, ನೈಟ್ರೈಟ್ ಪಾಸಿಟಿವ್. ಇದು ಇನ್‌ಫೆಕ್ಷನ್. ಆದರೆ ನೈಟ್ರೈಟ್ ನೆಗೆಟಿವ್ ಬಂದರೆ ಇನ್‌ಫೆಕ್ಷನ್ ಇಲ್ಲ ಅಂತ ಆಗುವುದಿಲ್ಲ. ಆ ರಾಸಾಯನಿಕ ತಯಾರಾಗಲು ಮೂತ್ರ ಒಳಗೆ ನಾಲ್ಕು ಗಂಟೆಯಾದರೂ ನಿಂತಿರಬೇಕು, ಹತ್ತು ನಿಮಿಷಕ್ಕೊಮ್ಮೆ ಓಡುವವರಿಗೆ ಅದೆಲ್ಲಿ ನಿಲ್ಲುತ್ತದೆ? ಎಂಟರೋಕಾಕಸ್‌ನಂಥ ಕೆಲವು ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುವುದೇ ಇಲ್ಲ.

ಹಾಗಾಗಿ ಕಲ್ಚರ್, ಅಂದರೆ ಮೂತ್ರದ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ. ಮತ್ತು ಮೊದಲ ಆ್ಯಂಟಿಬಯೋಟಿಕ್ ನುಂಗುವ ಮೊದಲು ಕಲ್ಚರ್. ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆ. ಮೆಡಿಕಲ್ ಸ್ಟೋರಿನಿಂದ ಎರಡು ಮಾತ್ರೆ ತಂದು ನುಂಗಿ, ಕಡಿಮೆಯಾಗದಿದ್ದಾಗ ಲ್ಯಾಬಿಗೆ ಬಂದರೆ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ, ಕಾಯಿಲೆ ಮಾತ್ರ ಒಳಗೇ ಇರುತ್ತದೆ. ಕಲ್ಚರ್ ರಿಪೋರ್ಟಿಗೆ ಒಂದೆರಡು ದಿನ ಹಿಡಿಯುತ್ತದೆ. ನಡುಧಾರೆಯ ಸ್ಯಾಂಪಲ್ಲಿನಲ್ಲಿ ಮಿಲಿಲೀಟರಿಗೆ 1,00,000 ಬ್ಯಾಕ್ಟೀರಿಯಾ ಅನ್ನುವುದು ಹಳೆಯ ಗೆರೆ, ಆದರೆ ಉರಿ ಇರುವವರಲ್ಲಿ ಅದಕ್ಕಿಂತ ಕಡಿಮೆ ಬಂದರೂ ಡಾಕ್ಟರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಕೋರ್ಸ್ ಮುಗಿದು ನಾಲ್ಕಾರು ವಾರ ಬಿಟ್ಟು ಇನ್ನೊಂದು ಮೂತ್ರ ಪರೀಕ್ಷೆ ಮಾಡಿಸಲೇಬೇಕು. ಇನ್‌ಫೆಕ್ಷನ್ನೇ ಕಾರಣವಾಗಿದ್ದರೆ ರಕ್ತವೂ ಹೋಗಿರಬೇಕು. ಪಸ್ ಸೆಲ್ ಹೋಗಿ ಆರ್‌ಬಿಸಿ ಉಳಿದಿದ್ದರೆ ಕಾರಣ ಬೇರೆಯದು. ಹೆಣ್ಣುಮಕ್ಕಳ ವಿಷಯದಲ್ಲಿ ಈ ತಪ್ಪು ಜಾಸ್ತಿ ಆಗುತ್ತದೆ. ಪ್ರತಿ ಸಲವೂ ಉರಿಮೂತ್ರ ಅಂತಲೇ ಮಾತ್ರೆ ಸಿಗುತ್ತದೆ, ಒಳಗಿನ ಗಡ್ಡೆ ಪತ್ತೆಯಾಗುವುದು ತಡವಾಗುತ್ತದೆ.

ಪಸ್ ಸೆಲ್ ಇದೆ, ರಕ್ತ ಇದೆ, ಕಲ್ಚರ್ ಮಾತ್ರ ಮತ್ತೆ ಮತ್ತೆ ಸ್ಟೆರೈಲ್, ಅಂದರೆ ಏನೂ ಬೆಳೆದಿಲ್ಲ ಅಂತ, ಬರುತ್ತದೆ. ನಮ್ಮ ದೇಶದಲ್ಲಿ ಇಂಥ ಕಡೆ ಮೊದಲು ನೆನಪಾಗಬೇಕಾದದ್ದು ಮೂತ್ರಾಂಗದ ಟಿಬಿ. ಕೆಮ್ಮು ಇರಬೇಕೆಂದಿಲ್ಲ. ಸಾಮಾನ್ಯ ಕಲ್ಚರ್‌ನಲ್ಲಿ ಟಿಬಿ ರೋಗಾಣು ಬೆಳೆಯುವುದಿಲ್ಲ. ಬೆಳಗಿನ ಮೊದಲ ಮೂತ್ರವನ್ನು, ನಡುಧಾರೆ ಅಲ್ಲ, ಪೂರ್ತಿ ಮೂತ್ರವನ್ನು ಮೂರು ದಿನ ಬೇರೆ ಬೇರೆಯಾಗಿ ಕೊಡಬೇಕು. ಟಿಬಿ ರೋಗಾಣುವಿನ ಜೀನ್ ಹುಡುಕುವ ಸಿಬಿನ್ಯಾಟ್ ಯಂತ್ರದಲ್ಲಿ ಬೇಗ ಗೊತ್ತಾಗುತ್ತದೆ, ಟಿಬಿ ಕಲ್ಚರ್‌ಗೆ ಆರೆಂಟು ವಾರ. ಸರ್ಕಾರಿ ಕ್ಷಯರೋಗ ಕಾರ್ಯಕ್ರಮದಲ್ಲಿ ಪರೀಕ್ಷೆ ಉಚಿತ. ಒಂದು ಎಚ್ಚರಿಕೆ: ಲಿವೋಫ್ಲಾಕ್ಸಾಸಿನ್ ಥರದ ಮಾತ್ರೆಗಳು ಟಿಬಿಯನ್ನೂ ಸ್ವಲ್ಪ ದಿನ ಅಡಗಿಸುತ್ತವೆ, ಹಾಗಾಗಿ ಆ ಮಾತ್ರೆಗೆ ಕಡಿಮೆಯಾಯಿತು ಅನ್ನುವುದರಿಂದ ಟಿಬಿ ಅಲ್ಲ ಅಂತ ಹೇಳಲಾಗದು.

ಕಲ್ಲು

ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ನೋವು, ಕೂತರೂ ನಿಂತರೂ ಸಮಾಧಾನ ಇಲ್ಲ, ಜೊತೆಗೆ ರಕ್ತ. ಇದು ಬಹುತೇಕ ಕಲ್ಲು. ಮೂತ್ರದಲ್ಲಿ ಹರಳು ಕಾಣಬಹುದು: ಅಂಚೆ ಲಕೋಟೆಯಂತಿದ್ದರೆ ಕ್ಯಾಲ್ಸಿಯಂ ಆಕ್ಸಲೇಟ್, ಆರು ಮೂಲೆ ಇದ್ದರೆ ಸಿಸ್ಟಿನ್. ಹರಳು ಕಂಡಿತು ಅಂದಮಾತ್ರಕ್ಕೆ ಕಲ್ಲಿದೆ ಅಂತಲ್ಲ, ಫ್ರಿಜ್ಜಿನಲ್ಲಿಟ್ಟ ಸ್ಯಾಂಪಲ್ಲಿನಲ್ಲಿ ಹರಳು ತಾನಾಗಿಯೇ ಕಟ್ಟುತ್ತದೆ. ಕಲ್ಲಿದ್ದೂ ಮೂತ್ರದಲ್ಲಿ ರಕ್ತ ಕಾಣದಿರಬಹುದು. ಸ್ಕ್ಯಾನ್ ಬೇಕು. ಬಾಳೆದಿಂಡಿನ ರಸ ಕುಡಿಯುವವರು ಕುಡಿಯಲಿ, ಆದರೆ ಮೂತ್ರವನ್ನು ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಬಿದ್ದ ಕಲ್ಲನ್ನು ಎಸೆಯದೆ ಲ್ಯಾಬಿಗೆ ಕೊಡಿ. ಯಾವ ಕಲ್ಲು ಅಂತ ಗೊತ್ತಾದರೆ ಮುಂದಿನದನ್ನು ತಡೆಯುವ ದಾರಿ ಸಿಗುತ್ತದೆ.

ಬರೀ ರಕ್ತ, ಬೇರೇನೂ ಇಲ್ಲ

ಈಗ ದೊಡ್ಡಪ್ಪನ ರಿಪೋರ್ಟಿಗೆ ಬರೋಣ. ರಕ್ತ ಇದೆ. ಪಸ್ ಸೆಲ್ ಲೆಕ್ಕಕ್ಕಿಲ್ಲದ ಒಂದೆರಡು, ಪ್ರೋಟೀನ್ ಇಲ್ಲ, ಕಾಸ್ಟ್ ಇಲ್ಲ, ನೋವಿಲ್ಲ. ನೋಡಲು ಇದು ಎಲ್ಲಕ್ಕಿಂತ ಸೌಮ್ಯ ರಿಪೋರ್ಟ್. ವಯಸ್ಸಾದವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ ಇದೇ ಎಲ್ಲಕ್ಕಿಂತ ಭಯ ಹುಟ್ಟಿಸಬೇಕಾದ ರಿಪೋರ್ಟ್.

ತಂಬಾಕಿನ ವಿಷ ಶ್ವಾಸಕೋಶದಲ್ಲೇ ಉಳಿಯುವುದಿಲ್ಲ. ರಕ್ತಕ್ಕೆ ಸೇರಿ, ಕಿಡ್ನಿ ಸೋಸಿ, ಗಂಟೆಗಟ್ಟಲೆ ಮೂತ್ರಚೀಲದಲ್ಲಿ ನಿಲ್ಲುತ್ತದೆ. ಹಳೇ ಕಾಲದ ಬಟ್ಟೆ ಬಣ್ಣದ ಕಾರ್ಖಾನೆ, ರಬ್ಬರ್ ಕೆಲಸದಲ್ಲಿದ್ದವರಿಗೂ ಅಪಾಯ ಜಾಸ್ತಿ. ಆಗಲೇ ಹೇಳಿದ 2020ರ ಮಾರ್ಗಸೂಚಿಯಲ್ಲಿ ವಯಸ್ಸು 60 ದಾಟಿದ್ದರೆ (2025ರ ತಿದ್ದುಪಡಿಯ ಮೇಲೆ ಇದು ಗಂಡಸರಿಗೆ ಮಾತ್ರ), ದಿನಕ್ಕೊಂದು ಪ್ಯಾಕಿನಂತೆ 30 ವರ್ಷಕ್ಕಿಂತ ಹೆಚ್ಚು ಸೇದಿದ್ದರೆ, ಆರ್‌ಬಿಸಿ 25 ದಾಟಿದ್ದರೆ, ಅಥವಾ ಒಮ್ಮೆಯಾದರೂ ಕಣ್ಣಿಗೆ ಕಾಣುವ ರಕ್ತ ಹೋಗಿದ್ದರೆ ಅವರನ್ನು ಹೆಚ್ಚಿನ ಅಪಾಯದ ಗುಂಪಿಗೆ ಹಾಕಿದ್ದಾರೆ. ಇದರಲ್ಲಿ ಒಂದೇ ಇದ್ದರೂ ಸಾಕು. ದೊಡ್ಡಪ್ಪನಿಗೆ ನಾಲ್ಕೂ ಇತ್ತು. ಇಂಥವರಿಗೆ ಮೂತ್ರಚೀಲದೊಳಗೆ ಕ್ಯಾಮೆರಾ ಹಾಕಿ ನೋಡುವ ಸಿಸ್ಟೋಸ್ಕೋಪಿ, ಜೊತೆಗೆ ಸಿಟಿ ಯೂರೋಗ್ರಾಮ್ (ಕಿಡ್ನಿ, ನಾಳ, ಚೀಲದ ಸಿಟಿ ಸ್ಕ್ಯಾನ್) ಮಾಡಬೇಕು.

ರಕ್ತ ತಾನಾಗಿ ನಿಂತಿತು ಅನ್ನುವುದು ಇಲ್ಲಿ ಸಮಾಧಾನದ ವಿಷಯವೇ ಅಲ್ಲ. ಗಡ್ಡೆಯ ರಕ್ತ ಬರುತ್ತದೆ, ನಿಲ್ಲುತ್ತದೆ, ತಿಂಗಳುಗಟ್ಟಲೆ ಬಿಟ್ಟು ಮತ್ತೆ ಬರುತ್ತದೆ. ಆ್ಯಂಟಿಬಯೋಟಿಕ್ ಕೊಟ್ಟ ವಾರದಲ್ಲೇ ಅದು ತನ್ನಷ್ಟಕ್ಕೆ ನಿಂತರೆ ಮಾತ್ರೆಯಿಂದ ವಾಸಿಯಾಯಿತು ಅಂತ ಎಲ್ಲರೂ ನಂಬುತ್ತಾರೆ. ನಮ್ಮ ಮನೆಯಲ್ಲಿ ನಾನೂ ನಂಬಿದ್ದೆ.

"ಹಾರ್ಟಿಗೆ ಆಸ್ಪಿರಿನ್ ತಗೊಳ್ತಾರೆ, ಅದಕ್ಕೇ ರಕ್ತ" ಅನ್ನುವ ಉತ್ತರವನ್ನೂ ಅಲ್ಲಿಗೇ ಒಪ್ಪಬೇಡಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೂ ಇಲ್ಲದವರಿಗೆ ಮಾಡುವಷ್ಟೇ ತಪಾಸಣೆ ಮಾಡಬೇಕು ಅಂತ ಅದೇ ಮಾರ್ಗಸೂಚಿ ಹೇಳುತ್ತದೆ. ಹಾಗಂತ ಹಾರ್ಟಿನ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಯೂರಿನ್ ಸೈಟಾಲಜಿ ಅಂತ ಒಂದು ಪರೀಕ್ಷೆ ಇದೆ. ಮೂತ್ರದಲ್ಲಿ ಉದುರಿದ ಕಣಗಳಲ್ಲಿ ಕ್ಯಾನ್ಸರ್ ಕಣ ಇದೆಯೇ ಅಂತ ನೋಡುವುದು. ಇದಕ್ಕೆ ಮಾತ್ರ ಬೆಳಗಿನ ಮೊದಲ ಮೂತ್ರ ಕೊಡಬಾರದು, ರಾತ್ರಿಯಿಡೀ ನೆನೆದ ಕಣಗಳು ಕೆಟ್ಟಿರುತ್ತವೆ. ಎರಡನೇ ಸಲದ್ದು ಕೊಡಿ. ಪಾಸಿಟಿವ್ ಬಂದರೆ ನಂಬಬಹುದು. ನೆಗೆಟಿವ್ ಬಂದರೆ ನಿಶ್ಚಿಂತೆ ಅಲ್ಲ, ಕಡಿಮೆ ದರ್ಜೆಯ ಗಡ್ಡೆಗಳನ್ನು ಇದು ಸಾಕಷ್ಟು ಸಲ ತಪ್ಪಿಸಿಬಿಡುತ್ತದೆ. ಕ್ಯಾಮೆರಾ ಹಾಕಿಸಿಕೊಳ್ಳಲು ಹೆದರಿ ಇದೊಂದರ ಮೇಲೆ ಭಾರ ಹಾಕುವವರನ್ನು ನೋಡಿದ್ದೇನೆ. ಸೈಟಾಲಜಿ ಸಿಸ್ಟೋಸ್ಕೋಪಿಯ ಜಾಗ ತುಂಬುವುದಿಲ್ಲ.

ಎಲ್ಲ ಮಾಡಿಸಿದರೂ ಕಾರಣ ಸಿಗದಿದ್ದರೆ

ಸಿಗದೇ ಇರುವುದೂ ಉಂಟು. ಓಟ, ಭಾರಿ ವ್ಯಾಯಾಮದ ಮರುದಿನ ಬಂದ ರಕ್ತವಾದರೆ ಮೂರು ದಿನ ವಿಶ್ರಾಂತಿ ಕೊಟ್ಟು ಮತ್ತೆ ನೋಡಿಸಿ, ಹೋಗಿರಬೇಕು. ಚಾಮರಾಜನಗರ, ಮೈಸೂರು, ಕೊಡಗಿನ ಗಿರಿಜನ ಕುಟುಂಬಗಳವರು ಸಿಕಲ್ ಸೆಲ್ (ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗುವ, ವಂಶದಿಂದ ಬರುವ ಕಾಯಿಲೆ) ಪರೀಕ್ಷೆ ಆಗಿದೆಯೇ ಅಂತ ಕೇಳಿ. ಒಂದೇ ಜೀನ್ ಇದ್ದು ಬೇರೆ ಯಾವ ತೊಂದರೆ ಇಲ್ಲದವರಲ್ಲೂ ಮೂತ್ರದಲ್ಲಿ ರಕ್ತ ಬರಬಹುದು. ತಿಂಗಳ ಮುಟ್ಟಿನ ಜೊತೆಗೇ ಪ್ರತಿ ಸಲ ಮೂತ್ರದಲ್ಲೂ ರಕ್ತ, ನೋವು ಅಂದರೆ ಮೂತ್ರಚೀಲದ ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಬೇರೆ ಕಡೆ ಬೆಳೆಯುವುದು) ಇದೆಯೇ ಅಂತ ಸ್ತ್ರೀರೋಗ ತಜ್ಞರನ್ನು ಕೇಳಿ.

ಇವೂ ಅಲ್ಲ, ಸ್ಕ್ಯಾನ್ ಸರಿ, ಕ್ಯಾಮೆರಾ ಸರಿ ಅಂದರೆ ವರ್ಷಕ್ಕೊಮ್ಮೆ ಮೂತ್ರ, ಬಿಪಿ, ಕ್ರಿಯಾಟಿನಿನ್, ಪ್ರೋಟೀನ್ ಅನುಪಾತ ನೋಡಿಸುತ್ತಿರಿ. ಜರಡಿಯ ಕೆಲವು ಕಾಯಿಲೆಗಳು ಮೊದಲು ಬರೀ ರಕ್ತವಾಗಿ ಬಂದು, ಪ್ರೋಟೀನ್ ತೋರಿಸುವುದು ವರ್ಷಗಳ ಮೇಲೆ. ಆ ನಡುವೆ ಎಂದಾದರೂ ಕಣ್ಣಿಗೆ ಕಾಣುವ ಕೆಂಪು ಬಂದರೆ ವರ್ಷ ತುಂಬಲು ಕಾಯಬೇಡಿ, ಮತ್ತೆ ಮೊದಲಿನಿಂದ ಶುರುಮಾಡಿ.

ಪ್ರತಿ ಸಲ ಹಳೇ ರಿಪೋರ್ಟುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಒಯ್ಯಿರಿ. ಆರ್‌ಬಿಸಿ, ಪಸ್ ಸೆಲ್, ಪ್ರೋಟೀನ್, ನೈಟ್ರೈಟ್, ಸ್ಪೆಸಿಫಿಕ್ ಗ್ರಾವಿಟಿ, ಈ ಐದು ಸಾಲಿಗೆ ಪೆನ್ನಿನಲ್ಲಿ ಗೆರೆ ಹಾಕಿ. ಹಾಳೆಯ ಅಂಚಿನಲ್ಲಿ ಆವತ್ತು ಯಾವ ಮಾತ್ರೆ ನುಂಗುತ್ತಿದ್ದಿರಿ, ಬಣ್ಣ ಹೇಗಿತ್ತು, ಮುಟ್ಟಿನ ದಿನವೇ ಅಂತ ಬರೆದಿಡಿ. ದೊಡ್ಡಪ್ಪ ಈಗ ಮೂರು ತಿಂಗಳಿಗೊಮ್ಮೆ ಸಿಸ್ಟೋಸ್ಕೋಪಿಗೆ ಹೋಗುತ್ತಾರೆ. ಅವರ ಫೈಲಿನಲ್ಲಿ ಮೊದಲ ಹಾಳೆ ಆ ಹಳೇ ರಿಪೋರ್ಟೇ, ನಾಲ್ಕು ಸಾಲಿನ ಕೆಳಗೆ ನಾನೇ ಕೆಂಪು ಗೆರೆ ಎಳೆದಿದ್ದೇನೆ.